ಬೀಡಿ-ಸಿಗರೇಟು ಬಿಡುವುದು ಹೇಗೆ? ಪಾಲಕರಿಗೆ ಹೇಳಲು ಬೇಕಾದಷ್ಟು ವಿಜ್ಞಾನ

ಮೇ 31 ವಿಶ್ವ ತಂಬಾಕುರಹಿತ ದಿನ. ನಮ್ಮ ಶಾಲೆಗಳಲ್ಲಿ ಈ ದಿನದ ನೆಪದಲ್ಲಿ ಪ್ರತಿಜ್ಞೆ, ಭಾಷಣ, ಚಿತ್ರ ಬರೆಯುವ ಸ್ಪರ್ಧೆ ನಡೆಯುತ್ತವೆ. ಮಕ್ಕಳು ತಲೆಬುರುಡೆ ಬರೆಯುತ್ತಾರೆ, ಕಪ್ಪು ಶ್ವಾಸಕೋಶ ಬರೆಯುತ್ತಾರೆ, ಬಹುಮಾನ ತೆಗೆದುಕೊಂಡು ಮನೆಗೆ ಹೋಗುತ್ತಾರೆ. ಮನೆಯಲ್ಲಿ ಅಪ್ಪ ಬಾಗಿಲ ಬಳಿ ಕೂತು ಬೀಡಿ ಹಚ್ಚಿರುತ್ತಾನೆ. ಅದು ಕೆಟ್ಟದ್ದು ಎಂದು ಅವನಿಗೆ ಗೊತ್ತಿಲ್ಲವೇ? ಗೊತ್ತಿದೆ. ಪ್ಯಾಕೆಟ್ಟಿನ ಮೇಲೆಯೇ ಚಿತ್ರ ಇದೆ. ಪಾಲಕರ ಸಭೆಯಲ್ಲಿ ಒಬ್ಬರು ನನಗೆ ನೇರವಾಗಿ ಹೇಳಿದ್ದರು: "ಸರ, ಕೆಟ್ಟದ್ದು ಅಂತ ನನಗೂ ಗೊತ್ತೈತ್ರಿ. ಬಿಡೂದು ಹ್ಯಾಂಗ ಅಂತ ಹೇಳ್ರಿ."

ಈ ಪ್ರಶ್ನೆ ಬಹಳ ಜನರದ್ದು. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಧೂಮಪಾನ ಮಾಡುವವರಲ್ಲಿ ಶೇ. 55.4ರಷ್ಟು ಜನ ಬಿಡುವ ಯೋಚನೆಯಲ್ಲಿದ್ದರು. ಅದರ ಹಿಂದಿನ ಒಂದು ವರ್ಷದಲ್ಲಿ ಬಿಡಲು ಪ್ರಯತ್ನಿಸಿದವರೇ ಶೇ. 38.5. ಅಂದರೆ ಮನಸ್ಸಿಲ್ಲದವರು ಕಡಿಮೆ, ದಾರಿ ಸಿಗದವರು ಜಾಸ್ತಿ. ಅದೇ ಸಮೀಕ್ಷೆಯಲ್ಲಿ ಎಲ್ಲ ಬಗೆಯ ತಂಬಾಕು ಸೇರಿ ದೇಶದಲ್ಲೇ ಅತಿ ಕಡಿಮೆ ಬಳಕೆ ಇದ್ದ ರಾಜ್ಯ ನಮ್ಮ ಗೋವಾ, ಶೇ. 9.7. ಹೆಮ್ಮೆಯ ವಿಷಯವೇ. ಆದರೆ ವಾಸ್ಕೊ, ಝುವಾರಿನಗರ, ವೆರ್ಣಾ ಕಡೆ ನಮ್ಮ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳಿಸುವ ಮನೆಗಳು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದಿಂದ ಬಂದವು. ಕರ್ನಾಟಕದ ಅಂಕಿ ಶೇ. 22.8. ನಮ್ಮ ಓಣಿಗಳಿಗೆ ಯಾವ ಅಂಕಿ ಹತ್ತಿರ ಅನ್ನುವುದನ್ನು ಸಂಜೆ ಹೊತ್ತು ಚಹಾದ ಗಾಡಿಯ ಹತ್ತಿರ ನಿಂತರೆ ಯಾರಾದರೂ ಊಹಿಸಬಹುದು.

ಅಂದಹಾಗೆ ಈ ಗಿಡ ನಮ್ಮದಲ್ಲ. ಅಮೆರಿಕ ಖಂಡದ ತಂಬಾಕನ್ನು ನಮ್ಮ ಕರಾವಳಿಗೆ ತಂದವರು ಪೋರ್ಚುಗೀಸರು. ಅಕ್ಬರನ ದೂತ ಅಸದ್ ಬೇಗ್ 1604ರ ಸುಮಾರಿಗೆ ಬಿಜಾಪುರಕ್ಕೆ ಬಂದವನು ಅಲ್ಲಿ ತಂಬಾಕನ್ನು ಮೊದಲ ಬಾರಿ ಕಂಡು, ಕೊಳವೆ ಸಮೇತ ದೊರೆಗೆ ಒಯ್ದ. ದರಬಾರಿನ ವೈದ್ಯ ಬೇಡವೆಂದರೂ ಅಕ್ಬರ್ ಒಂದೆರಡು ದಮ್ಮು ಎಳೆದು ನೋಡಿದನಂತೆ. ಮಗ ಜಹಾಂಗೀರ 1617ರಲ್ಲಿ ಅದನ್ನು ನಿಷೇಧಿಸಿದ. ಆಜ್ಞೆಯಿಂದ ಚಟ ಬಿಡಿಸಲು ಆಗಲಿಲ್ಲ ಅನ್ನುವುದಕ್ಕೆ ನಾನೂರು ವರ್ಷದ ಪುರಾವೆ ನಮ್ಮ ಮುಂದಿದೆ.

ಮಿದುಳಿನಲ್ಲಿ ಏನಾಗುತ್ತದೆ

ಹೊಗೆ ಎಳೆದಾಗ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಹೋಗಲು 10ರಿಂದ 20 ಸೆಕೆಂಡು ಸಾಕು. ಕೈಗೆ ಕೊಡುವ ಇಂಜೆಕ್ಷನ್ ಕೂಡ ಇದಕ್ಕಿಂತ ಬೇಗ ಅಲ್ಲಿಗೆ ಮುಟ್ಟುವುದಿಲ್ಲ. ಮಿದುಳಿನ ನರಕೋಶಗಳ ಮೇಲೆ ಅಸಿಟೈಲ್‌ಕೋಲಿನ್ ಎಂಬ ನಮ್ಮದೇ ರಾಸಾಯನಿಕ ಬಂದು ಕೂರುವ ಗ್ರಾಹಕಗಳಿವೆ. ನಿಕೋಟಿನ್ ಅದೇ ಜಾಗದಲ್ಲಿ ಬಂದು ಕೂರುತ್ತದೆ. ಪರಿಣಾಮವಾಗಿ ಡೋಪಮಿನ್ ಬಿಡುಗಡೆಯಾಗಿ ಹಿತವೆನಿಸುತ್ತದೆ. ದಿನಾಲೂ ಹೀಗೇ ನಡೆದರೆ ಮಿದುಳು ಈ ಗ್ರಾಹಕಗಳ ಸಂಖ್ಯೆಯನ್ನೇ ಹೆಚ್ಚಿಸಿಕೊಳ್ಳುತ್ತದೆ. ಆಮೇಲೆ ಅವೆಲ್ಲ ಖಾಲಿ ಬಿದ್ದಾಗ ಚಡಪಡಿಕೆ, ಸಿಟ್ಟು, ಏನೋ ಕಳೆದುಕೊಂಡಂಥ ಭಾವನೆ. ಇದಕ್ಕೇ ನಮ್ಮ ಕಡೆ ತಲಬು ಅನ್ನುವುದು.

ಬೀಡಿ ಸೇದಿದರೆ "ಟೆನ್ಶನ್ ಹೋಗತೈತಿ" ಅನ್ನುತ್ತಾರಲ್ಲ, ಅದರ ಬಹುಪಾಲು ಇಷ್ಟೇ: ಹಿಂದಿನ ಬೀಡಿಯ ನಿಕೋಟಿನ್ ಇಳಿದದ್ದರಿಂದ ಹುಟ್ಟಿದ ಟೆನ್ಶನ್ನನ್ನು ಮುಂದಿನ ಬೀಡಿ ಇಳಿಸುತ್ತದೆ.

ಇದನ್ನು ಹತ್ತನೇ ತರಗತಿಗೆ ಒಂದು ಲೆಕ್ಕವಾಗಿ ಕೊಡಬಹುದು. ರಕ್ತದಲ್ಲಿ ನಿಕೋಟಿನ್‌ನ ಅರ್ಧಾಯು ಸುಮಾರು 2 ಗಂಟೆ. ರಾತ್ರಿ 10ಕ್ಕೆ ಕೊನೆಯ ಬೀಡಿ ಸೇದಿದವನು ಬೆಳಿಗ್ಗೆ 6ಕ್ಕೆ ಎದ್ದರೆ 8 ಗಂಟೆ, ಅಂದರೆ ನಾಲ್ಕು ಅರ್ಧಾಯು. ಉಳಿದದ್ದು ಹದಿನಾರರಲ್ಲಿ ಒಂದು ಪಾಲು. ಗ್ರಾಹಕಗಳೆಲ್ಲ ಹೆಚ್ಚುಕಡಿಮೆ ಖಾಲಿ. ಅದಕ್ಕೇ ಮುಖ ತೊಳೆಯುವ ಮೊದಲೇ ಕೈ ಬೆಂಕಿಪೊಟ್ಟಣ ಹುಡುಕುತ್ತದೆ. ಎದ್ದ ಎಷ್ಟು ಹೊತ್ತಿಗೆ ಮೊದಲ ಬೀಡಿ ಅನ್ನುವುದು ಚಟದ ಆಳ ಅಳೆಯಲು ವೈದ್ಯರು ಕೇಳುವ ಮುಖ್ಯ ಪ್ರಶ್ನೆ. ಅರ್ಧ ಗಂಟೆಯೊಳಗೆ ಎಂದರೆ ಗಟ್ಟಿ ಚಟ. ಅಂಥವರಿಗೆ "ಮನಸ್ಸು ಗಟ್ಟಿ ಮಾಡ್ರಿ" ಎಂದಷ್ಟೇ ಹೇಳಿ ಕಳಿಸುವುದು ಜ್ವರ ಬಂದವನಿಗೆ ಧೈರ್ಯ ಹೇಳಿ ಕಳಿಸಿದ ಹಾಗೆ.

ಬಿಟ್ಟರೆ ಸಿಗುವುದೇನು

ನಿಕೋಟಿನ್ ಕಟ್ಟಿಹಾಕುತ್ತದೆ, ಆದರೆ ಕೊಲ್ಲುವ ಕೆಲಸ ಬಹುಪಾಲು ಹೊಗೆಯದು. ಅದರಲ್ಲಿನ ಕಾರ್ಬನ್ ಮೊನಾಕ್ಸೈಡ್ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟುತ್ತದೆ. ಸಿಮೆಂಟ್ ಬುಟ್ಟಿ ಹೊತ್ತು ಮೂರನೇ ಮಹಡಿ ಹತ್ತುವವನ ರಕ್ತದಲ್ಲಿ ಆಮ್ಲಜನಕ ಹೊರುವ ಒಂದಷ್ಟು ಜಾಗವನ್ನು ಈ ಅನಿಲ ಆಕ್ರಮಿಸಿ ಕೂತಿರುತ್ತದೆ. ಬೀಡಿಯಲ್ಲಿ ತಂಬಾಕು ಕಡಿಮೆ, ಆದ್ದರಿಂದ ಸಿಗರೇಟಿಗಿಂತ ವಾಸಿ ಎಂದು ನಂಬಿದವರಿದ್ದಾರೆ. ಅದು ತಪ್ಪು. ಬೀಡಿಯ ಎಲೆಯಲ್ಲಿ ಸಿಗರೇಟಿನ ಕಾಗದದಂತೆ ಗಾಳಿಯಾಡುವುದಿಲ್ಲ, ಬೀಡಿ ಆರದಂತೆ ಮೇಲಿಂದ ಮೇಲೆ ಜೋರಾಗಿ ಎಳೆಯಬೇಕು. ಹಾಗಾಗಿ ಒಂದು ಬೀಡಿಯಿಂದ ಒಳಗೆ ಹೋಗುವ ಕಾರ್ಬನ್ ಮೊನಾಕ್ಸೈಡ್ ಮತ್ತು ಟಾರ್ ಸಿಗರೇಟಿನದಕ್ಕಿಂತ ಕಡಿಮೆ ಇರುವುದಿಲ್ಲ, ಹೆಚ್ಚೇ ಇರುತ್ತದೆ.

ಒಳ್ಳೆಯ ಸುದ್ದಿ ಎಂದರೆ ಈ ಅನಿಲ ಬೇಗ ಹೊರಟುಹೋಗುತ್ತದೆ. ಅದರ ಅರ್ಧಾಯು 4-5 ಗಂಟೆ. ಒಂದು ದಿನ ಪೂರ್ತಿ ಸೇದದಿದ್ದರೆ ರಕ್ತದಲ್ಲಿ ಅದರ ಪ್ರಮಾಣ ಸೇದದವರ ಮಟ್ಟಕ್ಕೆ ಬರುತ್ತದೆ. ಕೆಲವು ವಾರಗಳಲ್ಲಿ ಏದುಸಿರು ಕಡಿಮೆಯಾಗುತ್ತದೆ. ಒಂದು ವರ್ಷಕ್ಕೆ ಹೃದಯಾಘಾತದ ಹೆಚ್ಚುವರಿ ಅಪಾಯ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಅರ್ಧಕ್ಕೆ ಇಳಿಯಲು ಹತ್ತು ವರ್ಷ ಬೇಕು.

"ಇಷ್ಟು ವರ್ಷ ಸೇದೀನಿ, ಇನ್ನ ಬಿಟ್ಟು ಏನ್ ಮಾಡೂದೈತಿ" ಅನ್ನುವವರಿಗೆ ಹೇಳಲು ಒಂದು ಅಧ್ಯಯನ ನೆನಪಿಟ್ಟುಕೊಳ್ಳಿ. ಬ್ರಿಟನ್ನಿನಲ್ಲಿ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫೋರ್ಡ್ ಹಿಲ್ 1951ರಲ್ಲಿ 34,000ಕ್ಕೂ ಹೆಚ್ಚು ಪುರುಷ ವೈದ್ಯರ ಧೂಮಪಾನದ ಅಭ್ಯಾಸ ಬರೆದುಕೊಂಡು, ಅವರಲ್ಲಿ ಯಾರು ಯಾವಾಗ ಯಾವುದರಿಂದ ಸತ್ತರು ಎಂದು ಲೆಕ್ಕ ಇಡಲು ಶುರು ಮಾಡಿದರು. ಐವತ್ತು ವರ್ಷದ ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಸೇದುತ್ತಲೇ ಇದ್ದವರು ಸೇದದವರಿಗಿಂತ ಸರಾಸರಿ 10 ವರ್ಷ ಮೊದಲು ಸತ್ತರು. ಆದರೆ 60ನೇ ವಯಸ್ಸಿಗೆ ಬಿಟ್ಟವರೂ 3 ವರ್ಷ ವಾಪಸು ಪಡೆದರು, 50ಕ್ಕೆ ಬಿಟ್ಟವರು 6, 40ಕ್ಕೆ ಬಿಟ್ಟವರು 9. ಮೂವತ್ತಕ್ಕೆ ಬಿಟ್ಟವರು ಹತ್ತಕ್ಕೆ ಹತ್ತನ್ನೂ. ನಮ್ಮ ಪಾಲಕರಲ್ಲಿ ಹೆಚ್ಚಿನವರು ಮೂವತ್ತರಿಂದ ನಲವತ್ತೈದರ ಒಳಗಿನವರು. ಮಗಳ ಮದುವೆ, ಮೊಮ್ಮಗನ ಶಾಲೆ, ಎಲ್ಲ ಈ ಒಂಬತ್ತು ವರ್ಷದ ಒಳಗೇ ಬರುತ್ತದೆ.

ದಿನಕ್ಕೆ ಒಂದೋ ಎರಡೋ ಸೇದಿದರೆ ಏನೂ ಆಗದು ಅನ್ನುವವರಿಗೂ ಒಂದು ಮಾತು. ಕ್ಯಾನ್ಸರಿನ ವಿಷಯದಲ್ಲಿ ಕಡಿಮೆ ಸೇದಿದರೆ ಅಪಾಯ ಕಡಿಮೆ, ನಿಜ. ಹೃದಯದ ಲೆಕ್ಕ ಹಾಗಿಲ್ಲ. ದಿನಕ್ಕೆ ಇಪ್ಪತ್ತು ಸೇದುವವನಿಗಿರುವ ಹೆಚ್ಚುವರಿ ಹೃದಯರೋಗದ ಅಪಾಯದಲ್ಲಿ ಹತ್ತಿರಹತ್ತಿರ ಅರ್ಧದಷ್ಟು ದಿನಕ್ಕೆ ಒಂದೇ ಸೇದುವವನಿಗೂ ಇರುತ್ತದೆ ಎಂದು 2018ರಲ್ಲಿ ಪ್ರಕಟವಾದ ದೊಡ್ಡ ವಿಶ್ಲೇಷಣೆ ತೋರಿಸಿತು.

ದಿನ ಗೊತ್ತು ಮಾಡುವುದು

ಸ್ವಲ್ಪ ಸ್ವಲ್ಪ ಕಡಿಮೆ ಮಾಡುವುದೋ, ಒಮ್ಮೆಲೇ ಬಿಡುವುದೋ? 2016ರಲ್ಲಿ ಪ್ರಕಟವಾದ ಇಂಗ್ಲೆಂಡಿನ ಅಧ್ಯಯನವೊಂದರಲ್ಲಿ ಸುಮಾರು 700 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಎರಡೂ ಗುಂಪಿಗೆ ಔಷಧ ಮತ್ತು ಸಲಹೆ ಇತ್ತು. ನಾಲ್ಕು ವಾರದ ನಂತರ, ಗೊತ್ತು ಮಾಡಿದ ದಿನ ಒಮ್ಮೆಲೇ ಬಿಟ್ಟವರಲ್ಲಿ ನೂರಕ್ಕೆ 49 ಜನ, ಎರಡು ವಾರ ಕಡಿಮೆ ಮಾಡುತ್ತಾ ಬಂದು ಬಿಟ್ಟವರಲ್ಲಿ 39 ಜನ ಬೀಡಿ-ಸಿಗರೇಟಿನಿಂದ ದೂರ ಉಳಿದಿದ್ದರು. ಕಾರಣ ಊಹಿಸುವುದು ಕಷ್ಟವಲ್ಲ. ಹತ್ತನ್ನು ಐದಕ್ಕೆ ಇಳಿಸಿದವನು ಆ ಐದನ್ನೇ ಇನ್ನಷ್ಟು ಆಳವಾಗಿ, ಬೆರಳು ಸುಡುವ ತನಕ ಎಳೆಯುತ್ತಾನೆ. ಆದರೂ ಒಮ್ಮೆಲೇ ಬಿಡಲು ಹೆದರುವವರಿಗೆ ಕಡಿಮೆ ಮಾಡುವುದು ಬೇಡ ಅನ್ನಬಾರದು. ಕೊನೆಯ ದಿನಾಂಕವೊಂದು ಇರಲಿ, ಅಷ್ಟೇ.

ದಿನಾಂಕ ಒಂದೆರಡು ವಾರದ ಒಳಗೆ ಇರಬೇಕು. ಪಗಾರದ ದಿನ ಬೇಡ, ಊರಿನ ಜಾತ್ರೆಗೆ ಹೋಗುವ ವಾರ ಬೇಡ. ಗೋವಾದಲ್ಲಿರುವ ನಮಗೆ ಇನ್ನೊಂದು ಎಚ್ಚರಿಕೆ: ಬೇಸಿಗೆಯ ಉರ್ರಾಕ್ ದಿನಗಳಲ್ಲಿ ಶುರು ಮಾಡುವವರು ಮೊದಲ ತಿಂಗಳು ಕುಡಿತದಿಂದಲೂ ದೂರ ಇರಬೇಕು. ಬಿಟ್ಟ ಬೀಡಿ ವಾಪಸು ಬರುವುದು ಗ್ಲಾಸಿನ ಜೊತೆಗೇ.

ಆ ದಿನ ಬರುವ ತನಕ ಒಂದು ಕೆಲಸ ಮಾಡಿಸಿ. ಪ್ರತಿ ಬೀಡಿ ಹಚ್ಚುವ ಮೊದಲು ಹೊತ್ತು ಮತ್ತು ಕಾರಣ ಬರೆದುಕೊಳ್ಳಲಿ. ಬರೆಯಲು ಬಾರದಿದ್ದರೆ ಮೊಬೈಲಿನಲ್ಲಿ ಹೇಳಿ ರೆಕಾರ್ಡ್ ಮಾಡಲಿ. ಮೂರ್ನಾಲ್ಕು ದಿನದಲ್ಲಿ ಪಟ್ಟಿ ಕಣ್ಣಿಗೆ ಕಾಣುತ್ತದೆ: ಎದ್ದ ಕೂಡಲೇ ಒಂದು, ಶೌಚಕ್ಕೆ ಹೋಗುವ ಮುಂಚೆ ಒಂದು, ಚಹಾದ ಜೊತೆ, ಊಟದ ಮೇಲೆ, ಬಸ್ಸಿಗೆ ಕಾಯುವಾಗ, ಜಗಳವಾದಾಗ. ಇವುಗಳಲ್ಲಿ ಎಷ್ಟೋ ಬೀಡಿಗಳನ್ನು ನಿಕೋಟಿನ್ ಕೇಳಿರುವುದಿಲ್ಲ, ಸಂದರ್ಭ ಕೇಳಿರುತ್ತದೆ. ಪಾವ್ಲೋವನ ನಾಯಿಗೆ ಗಂಟೆ ಕೇಳಿದರೆ ಜೊಲ್ಲು ಬಂದ ಪಾಠವನ್ನು ಬಿ.ಎಡ್.ನಲ್ಲಿ ನಾವೆಲ್ಲ ಓದಿದ್ದೇವೆ. ಇಲ್ಲಿ ಗಂಟೆ ಎಂದರೆ ಚಹಾದ ಕಪ್ಪು. ಸಂದರ್ಭವನ್ನು ಸ್ವಲ್ಪ ಬದಲಿಸಿದರೂ ಸೆಳೆತ ಸಡಿಲವಾಗುತ್ತದೆ. ಗಾಡಿಯ ಹತ್ತಿರ ನಿಂತು ಕುಡಿಯುವ ಚಹಾ ಕೆಲವು ವಾರ ಮನೆಯಲ್ಲೇ ಆಗಲಿ. ಊಟವಾದ ಕೂಡಲೇ ಎದ್ದು ಹಲ್ಲುಜ್ಜಲಿ. ಬೆಳಿಗ್ಗೆ ಬೀಡಿ ಇಲ್ಲದೆ ಹೊಟ್ಟೆ ಸಾಫ್ ಆಗುವುದಿಲ್ಲ ಅನ್ನುವವರ ಮಾತು ಪೂರ್ತಿ ಸುಳ್ಳಲ್ಲ, ನಿಕೋಟಿನ್ ಕರುಳನ್ನು ಚುರುಕುಗೊಳಿಸುತ್ತದೆ. ಒಂದೆರಡು ವಾರ ಮಲಬದ್ಧತೆ ಆಗಬಹುದು. ಎದ್ದ ಕೂಡಲೇ ಎರಡು ಲೋಟ ಬಿಸಿನೀರು, ರೊಟ್ಟಿಯ ಜೊತೆ ಸೊಪ್ಪಿನ ಪಲ್ಯ ಜಾಸ್ತಿ, ಅಷ್ಟರಲ್ಲೇ ಸರಿಹೋಗುತ್ತದೆ.

ಕಟ್ಟಡದ ಕೆಲಸದವರ ವಿಷಯದಲ್ಲಿ ನಾವು ಮೇಷ್ಟ್ರುಗಳು ಗಮನಿಸದ ಒಂದು ಸಂಗತಿ ಇದೆ. ಸುಮ್ಮನೆ ಕೂತರೆ ಮೇಸ್ತ್ರಿ ಬೈಯುತ್ತಾನೆ, ಬೀಡಿ ಹಚ್ಚಿ ಕೂತರೆ ಬೈಯುವುದಿಲ್ಲ. ಅಂದರೆ ಬೀಡಿ ಎಂಬುದು ಐದು ನಿಮಿಷದ ವಿಶ್ರಾಂತಿಯ ಚೀಟಿ. ಅದನ್ನು ಕಿತ್ತುಕೊಂಡು ಬೇರೇನೂ ಕೊಡದಿದ್ದರೆ ಅವನು ಬಿಡುವುದು ಹೇಗೆ? ಬೀಡಿ ಬಿಟ್ಟರೂ ಆ ಐದು ನಿಮಿಷ ಬಿಡಬೇಡಿ ಎಂದು ಅವರಿಗೆ ಹೇಳಬೇಕು. ನೀರಿನ ಬಾಟಲಿ ಹಿಡಿದು ನೆರಳಿಗೆ ಹೋಗಿ ಕೂರಲಿ, ಮೇಸ್ತ್ರಿಗೆ ಮೊದಲೇ ಹೇಳಿಟ್ಟಿರಲಿ: "ಬೀಡಿ ಬಿಟ್ಟೀನ್ರಿ, ಆ ಟೈಮಿನ್ಯಾಗ ನೀರು ಕುಡೀತೀನಿ." ಇಬ್ಬರು ಜೊತೆಗಾರರು ಒಟ್ಟಿಗೆ ಬಿಟ್ಟರೆ ಇನ್ನೂ ಸಲೀಸು.

ಮೊದಲ ಮೂರು ದಿನ, ಮೊದಲ ಮೂರು ವಾರ

ತಲಬು ಅತಿ ಜೋರಾಗಿರುವುದು ಎರಡನೇ, ಮೂರನೇ ದಿನ. ಆಮೇಲೆ ಇಳಿಯುತ್ತಾ ಎರಡರಿಂದ ನಾಲ್ಕು ವಾರದಲ್ಲಿ ಬಹುಮಟ್ಟಿಗೆ ಶಾಂತವಾಗುತ್ತದೆ. ಈ ಲೆಕ್ಕ ಮೊದಲೇ ಗೊತ್ತಿದ್ದವನು ಮೂರನೇ ದಿನ "ಜೀವನಪೂರ್ತಿ ಹೀಗೇ ಇರತೈತೇನು" ಎಂದು ಹೆದರಿ ಸೋಲುವುದಿಲ್ಲ. ಒಂದೊಂದು ತಲಬೂ ಅಲೆಯ ಹಾಗೆ, ಕೆಲವೇ ನಿಮಿಷ ಇರುತ್ತದೆ. ಬೈನಾ ಕಡಲತೀರದಲ್ಲಿ ಅಲೆ ಬಂದಾಗ ಏನು ಮಾಡುತ್ತೇವೆ, ಕಾಲು ಊರಿ ನಿಲ್ಲುತ್ತೇವೆ. ಹಾಗೇ ಐದು ನಿಮಿಷ ತಡೆಯುವುದು, ನಿಧಾನಕ್ಕೆ ಉಸಿರು ಎಳೆದು ಬಿಡುವುದು, ಗುಟುಕು ಗುಟುಕಾಗಿ ನೀರು ಕುಡಿಯುವುದು, ಕೈಗೆ ಏನಾದರೂ ಕೆಲಸ ಕೊಡುವುದು. ಬಾಯಿಗೆ ಲವಂಗ, ಏಲಕ್ಕಿ, ಹುರಿದ ಬಡೇಸೋಪು.

ಈ ದಿನಗಳಲ್ಲಿ ಕೆಮ್ಮು ಜಾಸ್ತಿಯಾದರೆ ಗಾಬರಿ ಬೇಡ. ಶ್ವಾಸನಾಳದ ಒಳಗೆ ಕಸ ಗುಡಿಸುವ ಸೂಕ್ಷ್ಮ ರೋಮಗಳು ಹೊಗೆಯಿಂದ ಮಂಕಾಗಿರುತ್ತವೆ. ಹೊಗೆ ನಿಂತ ಮೇಲೆ ಅವು ಮತ್ತೆ ಗುಡಿಸಲು ಶುರು ಮಾಡುತ್ತವೆ, ಕಫ ಮೇಲೆ ಬರುತ್ತದೆ. ಆದರೆ ಕಫದಲ್ಲಿ ರಕ್ತ ಕಂಡರೆ, ಅಥವಾ ಕೆಮ್ಮು ಎರಡು ವಾರ ದಾಟಿದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ಕಫ ಪರೀಕ್ಷೆ ಮಾಡಿಸಬೇಕು. ನಮ್ಮ ವಸತಿಗಳಲ್ಲಿ ಕ್ಷಯ ಇನ್ನೂ ಇದೆ.

ಇನ್ನೊಂದು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಹೊಗೆಯ ಟಾರ್‌ನಲ್ಲಿರುವ ಕೆಲವು ಸಂಯುಕ್ತಗಳು ಯಕೃತ್ತಿನ ಒಂದು ಕಿಣ್ವವನ್ನು ಚುರುಕು ಮಾಡಿರುತ್ತವೆ. ಅದೇ ಕಿಣ್ವ ಚಹಾ-ಕಾಫಿಯ ಕೆಫೀನನ್ನು ಕರಗಿಸುವುದು. ಹೊಗೆ ನಿಂತ ಕೆಲವೇ ದಿನಗಳಲ್ಲಿ ಕಿಣ್ವ ತನ್ನ ಹಳೆಯ ವೇಗಕ್ಕೆ ಇಳಿಯುತ್ತದೆ. ಮೊದಲಿನಷ್ಟೇ ಚಹಾ ಕುಡಿದರೂ ರಕ್ತದಲ್ಲಿ ಕೆಫೀನ್ ಸುಮಾರು ಎರಡು ಪಟ್ಟಾಗಬಹುದು. ಎದೆ ಡವಡವ, ನಿದ್ರೆ ಇಲ್ಲ, ಸಿಡುಕು. ಇದೆಲ್ಲ ಬೀಡಿ ಬಿಟ್ಟದ್ದಕ್ಕೇ ಎಂದು ತಿಳಿದು ಪಾಪ ಮತ್ತೆ ಬೀಡಿ ಹಚ್ಚುತ್ತಾರೆ. ಬಿಡುವ ದಿನದಿಂದಲೇ ಚಹಾ ಅರ್ಧಕ್ಕೆ ಇಳಿಸಿದರೆ ಈ ಕಾಟ ಬಹಳಷ್ಟು ತಪ್ಪುತ್ತದೆ. ದಮ್ಮಿಗೆ ಥಿಯೋಫಿಲಿನ್ ಮಾತ್ರೆ, ಸಕ್ಕರೆ ಕಾಯಿಲೆಗೆ ಇನ್ಸುಲಿನ್, ಮನೋರೋಗಕ್ಕೆ ಔಷಧ ತೆಗೆದುಕೊಳ್ಳುವವರು ಧೂಮಪಾನ ಬಿಡುವ ಮುಂಚೆ ವೈದ್ಯರಿಗೆ ತಿಳಿಸಬೇಕು. ಪ್ರಮಾಣ ಬದಲಿಸಬೇಕಾಗಬಹುದು.

ತೂಕ ಏರುತ್ತದೆಯೇ ಎಂದರೆ ಹೌದು, ಮೊದಲ ವರ್ಷ ಸರಾಸರಿ 4-5 ಕಿಲೋ. ಬೀಡಿ ಮಾಡುವ ಹಾನಿಯ ಮುಂದೆ ಅದು ಏನೂ ಅಲ್ಲ.

ನಿಕೋಟಿನ್ ಗಮ್, ಸುಣ್ಣ ಮತ್ತು ಕೋಕಂ

ಯಾವ ಸಹಾಯವೂ ಇಲ್ಲದೆ ಬಿಟ್ಟವರಲ್ಲಿ ಒಂದು ವರ್ಷದ ನಂತರವೂ ಬಿಟ್ಟೇ ಇರುವವರು ನೂರಕ್ಕೆ ಮೂರರಿಂದ ಐದು. ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್‌ನಂಥವು ಈ ಸಾಧ್ಯತೆಯನ್ನು ಸುಮಾರು ಒಂದೂವರೆ ಪಟ್ಟು ಮಾಡುತ್ತವೆ. ಸಲಹೆಯೂ ಜೊತೆಗಿದ್ದರೆ ಇನ್ನೂ ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಇವನ್ನು ಅತ್ಯಾವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. "ನಿಕೋಟಿನ್ ಬಿಡಿಸಲು ನಿಕೋಟಿನ್ನೇ ಯಾಕೆ" ಎಂಬ ಅನುಮಾನ ಸಹಜ. ಗಮ್‌ನಲ್ಲಿ ಹೊಗೆ ಇಲ್ಲ, ಟಾರ್ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಇಲ್ಲ. ನಿಕೋಟಿನ್ ಕೂಡ ನಿಧಾನವಾಗಿ, ಕಡಿಮೆ ಮಟ್ಟದಲ್ಲಿ ಬರುತ್ತದೆ. ಹತ್ತು ಸೆಕೆಂಡಿನ ಆ ಹೊಡೆತ ಇಲ್ಲದ್ದರಿಂದ ಅದನ್ನು ಬಿಡುವುದು ಸುಲಭ.

ಆದರೆ ಗಮ್ ಕೆಲಸ ಮಾಡಲಿಲ್ಲ ಅನ್ನುವವರಲ್ಲಿ ಬಹಳ ಜನ ಅದನ್ನು ಚೂಯಿಂಗ್ ಗಮ್ಮಿನಂತೆ ಅಗಿದು ರಸ ನುಂಗಿದವರು. ನುಂಗಿದರೆ ಬಿಕ್ಕಳಿಕೆ, ಹೊಟ್ಟೆ ತೊಳಸು, ಪ್ರಯೋಜನ ಕಡಿಮೆ. ನಾಲ್ಕಾರು ಸಲ ನಿಧಾನಕ್ಕೆ ಅಗಿಯಬೇಕು. ಖಾರ ಖಾರ ಅನ್ನಿಸಿದಾಗ ಅಗಿಯುವುದು ನಿಲ್ಲಿಸಿ ಗಲ್ಲದ ಸಂದಿಯಲ್ಲಿ ಇಟ್ಟುಕೊಳ್ಳಬೇಕು. ಖಾರ ಹೋದ ಮೇಲೆ ಮತ್ತೆ ಸ್ವಲ್ಪ ಅಗಿಯುವುದು, ಮತ್ತೆ ಇಡುವುದು. ಅರ್ಧ ಗಂಟೆ ಹೀಗೆ. ತಂಬಾಕು ಗಲ್ಲದಲ್ಲಿಟ್ಟು ರೂಢಿ ಇದ್ದವರಿಗೆ ಹೇಳಿಕೊಡುವುದೇ ಬೇಡ!

ಇದರ ರಸಾಯನಶಾಸ್ತ್ರ ನಮ್ಮ ಆಮ್ಲ-ಪ್ರತ್ಯಾಮ್ಲ ಪಾಠವೇ. ನಿಕೋಟಿನ್ ಒಂದು ದುರ್ಬಲ ಪ್ರತ್ಯಾಮ್ಲ. ಆಮ್ಲೀಯ ಬಾಯಿಯಲ್ಲಿ ಅದು ಪ್ರೋಟಾನ್ ಹಿಡಿದುಕೊಂಡು ಅಯಾನ್ ಆಗುತ್ತದೆ, ಅಯಾನ್ ಬಾಯಿಯ ಪೊರೆ ದಾಟುವುದಿಲ್ಲ. ಪ್ರತ್ಯಾಮ್ಲೀಯ ಬಾಯಿಯಲ್ಲಿ ಮುಕ್ತ ಅಣುವಾಗಿದ್ದು ಸಲೀಸಾಗಿ ದಾಟುತ್ತದೆ. ನಮ್ಮ ಹಿರಿಯರು ತಂಬಾಕಿಗೆ ಸುಣ್ಣ ಹಚ್ಚಿ ಅಂಗೈಯಲ್ಲಿ ತಿಕ್ಕುವುದು ಇದಕ್ಕೇ. ಪಿಎಚ್ ಹೆಸರು ಕೇಳದಿದ್ದರೂ ಅದರ ಉಪಯೋಗ ಗೊತ್ತಿತ್ತು. ಗಮ್ ತಯಾರಿಸುವವರೂ ಅದರೊಳಗೆ ಕ್ಷಾರೀಯ ಲವಣ ಸೇರಿಸಿರುತ್ತಾರೆ. ಹಾಗಾಗಿ ಗಮ್ ಬಾಯಲ್ಲಿರುವಾಗ, ಅದಕ್ಕೆ ಹದಿನೈದು ನಿಮಿಷ ಮುಂಚೆಯೂ, ಚಹಾ, ಕಾಫಿ, ಕೋಲಾ, ಲಿಂಬು ಪಾನಕ ಕುಡಿಯಬಾರದು. ಗೋವಾದವರು ಕೋಕಂ ಶರಬತ್ತು, ಸೋಲಕಢಿಯನ್ನೂ ಈ ಪಟ್ಟಿಗೆ ಸೇರಿಸಿಕೊಳ್ಳಿ. ಎಲ್ಲ ಹುಳಿಯೇ. ತಂಬಾಕನ್ನು ಶಾಲೆಯ ಒಳಗೆ ತರದೆಯೇ ಈ ಪಾಠ ಮಾಡಬಹುದು: ಅರಿಶಿನ ಹಚ್ಚಿದ ಕಾಗದಕ್ಕೆ ಸುಣ್ಣದ ತಿಳಿ ಬಿಟ್ಟರೆ ಕೆಂಪು, ಅದರ ಮೇಲೆ ಕೋಕಂ ರಸ ಬಿಟ್ಟರೆ ಆ ಅರಿಶಿನದ ಕೆಂಪು ಉಳಿಯುವುದಿಲ್ಲ. ಬಾಟಲಿ-ಹತ್ತಿ ಇಟ್ಟು ಬೀಡಿ ಹೊಗೆ ತೋರಿಸುವ ಪ್ರಯೋಗ ನನಗೆ ಇಷ್ಟವಿಲ್ಲ. ಪಾಠದ ನೆಪದಲ್ಲಿ ಮೇಷ್ಟ್ರೇ ಬೀಡಿ ಹಚ್ಚಿದ್ದು ಮಕ್ಕಳ ನೆನಪಿನಲ್ಲಿ ಉಳಿಯುತ್ತದೆ, ಹತ್ತಿಯ ಬಣ್ಣ ಅಲ್ಲ.

ಗಮ್ 2 ಮತ್ತು 4 ಮಿಲಿಗ್ರಾಂ ಎರಡರಲ್ಲೂ ಬರುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಬೇಕಾಗುವವರಿಗೆ ಸಾಮಾನ್ಯವಾಗಿ 4. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು, ಆಮೇಲೆ ನಿಲ್ಲಿಸುವುದು. ದಿನಕ್ಕೆ 24 ದಾಟಬಾರದು. ಹೆಚ್ಚಿನವರು ಕಡಿಮೆ ಅಗಿದು, ಬೇಗ ನಿಲ್ಲಿಸಿ ಸೋಲುತ್ತಾರೆ. ಬಸುರಿಯರು, ಇತ್ತೀಚೆಗೆ ಹೃದಯಾಘಾತವಾದವರು, 18ರೊಳಗಿನವರು ವೈದ್ಯರನ್ನು ಕೇಳದೆ ಬಳಸಬಾರದು. ಬುಪ್ರೊಪಿಯಾನ್, ವರೆನಿಕ್ಲಿನ್ ಎಂಬ ಮಾತ್ರೆಗಳೂ ಇವೆ, ಅವು ವೈದ್ಯರ ಚೀಟಿಯಿಂದ ಮಾತ್ರ.

ಗಮ್ಮಿನ ಖರ್ಚು ಜಾಸ್ತಿ ಅನ್ನುವವರ ಜೊತೆ ಕೂತು ಬೀಡಿಯ ಖರ್ಚು ಲೆಕ್ಕ ಹಾಕಿ. ದಿನಕ್ಕೆ 30 ರೂಪಾಯಿ ಎಂದು ಹಿಡಿದರೂ ವರ್ಷಕ್ಕೆ 10,950. ಗಮ್ ಮೂರು ತಿಂಗಳಿನ ಮಾತು.

ಬೀಡಿ ಬಿಟ್ಟು ಗುಟ್ಕಾ ಹಿಡಿಯುವುದು ಬಿಟ್ಟಂತಲ್ಲ. ಹಲ್ಲಿಗೆ ಹಚ್ಚುವ ಮಿಶ್ರಿಯೂ ತಂಬಾಕೇ. ನಮ್ಮ ತಾಯಂದಿರಿಗೆ ಈ ಮಾತು ಬೇರೆಯಾಗಿಯೇ ಹೇಳಬೇಕಾಗುತ್ತದೆ, ಏಕೆಂದರೆ ಅದನ್ನು ಅವರು ಚಟ ಎಂದೇ ಎಣಿಸುವುದಿಲ್ಲ. ತಂಬಾಕಿಲ್ಲದ ಬರೀ ಅಡಿಕೆಯೂ ಬಾಯಿಯ ಕ್ಯಾನ್ಸರಿಗೆ ಕಾರಣ. ಇ-ಸಿಗರೇಟಿನ ಮಾರಾಟ 2019ರಿಂದ ದೇಶದಲ್ಲೇ ನಿಷೇಧ.

ಜಾರಿದರೆ

ಇಪ್ಪತ್ತು ದಿನ ಬಿಟ್ಟವನು ಯಾರದೋ ಮದುವೆಯಲ್ಲಿ ಒಂದು ಹಚ್ಚುತ್ತಾನೆ. ಮರುದಿನ "ಹೋತ್ರಿ ಸರ, ಎಲ್ಲಾ ಹೋತು" ಅನ್ನುತ್ತಾನೆ. ಹೋಗಿಲ್ಲ. ಹೆಚ್ಚಿನವರು ಪೂರ್ತಿ ಬಿಡುವ ಮೊದಲು ಹಲವು ಸಲ ಪ್ರಯತ್ನಿಸಿರುತ್ತಾರೆ. ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ ಹಚ್ಚಿದ ಎಂದು ಕೇಳಿ. ಆ ಉತ್ತರವೇ ಮುಂದಿನ ಪ್ರಯತ್ನಕ್ಕೆ ಬೇಕಾದ ಮಾಹಿತಿ. ಉಳಿದ ಬೀಡಿ ಎಸೆದು ಅದೇ ದಿನ ಮತ್ತೆ ಶುರು ಮಾಡಬೇಕು, "ಮುಂದಿನ ತಿಂಗಳು ಒಂದನೇ ತಾರೀಖು" ಬೇಡ.

ಮಕ್ಕಳು, ನಾವು, ಕಾಯ್ದೆ

ಒಂದೇ ಖೋಲಿಯ ಮನೆಯಲ್ಲಿ ಕಿಟಕಿ ತೆರೆದು ಸೇದಿದರೂ ಮಗುವಿನ ಶ್ವಾಸಕ್ಕೆ ಹೊಗೆ ಹೋಗುತ್ತದೆ. ಬಿಡಲು ಆಗದವರು ಮನೆಯ ಒಳಗಂತೂ ಸೇದುವುದಿಲ್ಲ ಎಂಬಷ್ಟಕ್ಕಾದರೂ ಒಪ್ಪಲಿ. ಆದರೆ ಮಕ್ಕಳನ್ನು ಅಪ್ಪನ ಮೇಲೆ ಪೊಲೀಸರನ್ನಾಗಿ ಕಳಿಸುವುದಕ್ಕೆ ನನ್ನ ವಿರೋಧವಿದೆ. "ಮನೆಯಲ್ಲಿ ಯಾರು ಸೇದುತ್ತಾರೆ, ಕೈ ಎತ್ತಿ" ಎಂದು ತರಗತಿಯಲ್ಲಿ ಕೇಳಿದರೆ ಮಗುವಿಗೆ ನಾಚಿಕೆ, ಅಪ್ಪನಿಗೆ ಸಿಟ್ಟು. ಬಿಟ್ಟು ಮೂರನೇ ದಿನದಲ್ಲಿರುವ ಅಪ್ಪನ ಸಿಡುಕು ಮೊದಲು ತಾಗುವುದೂ ಮಗುವಿಗೇ. ಆ ವಾರ ಮನೆಯಲ್ಲಿ ಎಲ್ಲರೂ ಸ್ವಲ್ಪ ತಾಳಿಕೊಳ್ಳಬೇಕು ಎಂದು ತಾಯಿಗೆ ಮೊದಲೇ ಹೇಳಿಟ್ಟಿರುವುದು ಒಳ್ಳೆಯದು.

ಸೇದುವ ಶಿಕ್ಷಕರೂ ನಮ್ಮ ನಡುವೆ ಇದ್ದಾರೆ. ಶಾಲೆಯ ಹಿಂದಿನ ಗೋಡೆಯ ಆಚೆ ಹೋಗಿ ಸೇದಿ ಬಂದರೂ ಮಕ್ಕಳಿಗೆ ವಾಸನೆ ಗೊತ್ತಾಗುತ್ತದೆ. ಮೇಲೆ ಬರೆದದ್ದೆಲ್ಲ ಅವರಿಗೂ ಅನ್ವಯ, ಬಿ.ಎಸ್ಸಿ. ಓದಿದವರ ಮಿದುಳಿನಲ್ಲೂ ಗ್ರಾಹಕಗಳು ಅವೇ.

ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು, ಉಗುಳುವುದನ್ನು ನಿಷೇಧಿಸಿ ಗೋವಾ 1997ರಲ್ಲೇ ತನ್ನದೇ ಕಾಯ್ದೆ ಮಾಡಿತ್ತು. ಕೇಂದ್ರದ ಕಾಯ್ದೆ ಬಂದದ್ದು 2003ರಲ್ಲಿ. ಅದರ ಪ್ರಕಾರ ಶಾಲೆಯಿಂದ 100 ಗಜದ ಒಳಗೆ ತಂಬಾಕು ಮಾರುವಂತಿಲ್ಲ, 18ರೊಳಗಿನವರಿಗೆ ಎಲ್ಲೂ ಮಾರುವಂತಿಲ್ಲ. "ಅಪ್ಪಗ ಬೀಡಿ ಕೊಡ್ರಿ" ಎಂದು ಮಗು ಅಂಗಡಿಗೆ ಹೋಗುವುದು ಕೂಡ ಇದರಲ್ಲೇ ಬರುತ್ತದೆ. ಇದನ್ನು ಅಂಗಡಿಯವನಿಗಿಂತ ಮೊದಲು ಅಪ್ಪನಿಗೆ ಹೇಳಬೇಕು.

ಕೊನೆಗೆ ಸಹಾಯ ಸಿಗುವ ಜಾಗ. 2002ರಲ್ಲಿ ದೇಶದಲ್ಲಿ ಮೊದಲ 13 ತಂಬಾಕು ಬಿಡಿಸುವ ಚಿಕಿತ್ಸಾಲಯಗಳು ಶುರುವಾದಾಗ ಗೋವಾದಲ್ಲೂ ಒಂದಿತ್ತು. ಈಗ ಜಿಲ್ಲಾ ಆಸ್ಪತ್ರೆಯಲ್ಲಿ ತಂಬಾಕು ನಿಯಂತ್ರಣ ಕಾರ್ಯಕ್ರಮದವರನ್ನು ಕೇಳಿದರೆ ಮಾಹಿತಿ ಸಿಗುತ್ತದೆ. ಕೊಂಕಣಿ, ಹಿಂದಿಯಲ್ಲಿ ತಮ್ಮ ಕಷ್ಟ ಹೇಳಿಕೊಳ್ಳಲು ಆಗದವರಿಗೆ ಫೋನೇ ವಾಸಿ. ರಾಷ್ಟ್ರೀಯ ಉಚಿತ ಸಹಾಯವಾಣಿ 1800-11-2356. 2018ರಿಂದ ಇದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ, ಕನ್ನಡದಲ್ಲೇ ಮಾತಾಡಬಹುದು. ಅವರು ಬೈಯುವುದಿಲ್ಲ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು ಎಂದು ಕೇಳಿ, ಬಿಡುವ ದಿನ ಗೊತ್ತು ಮಾಡಿಸಿ, ಆಮೇಲೆ ತಾವೇ ಮತ್ತೆ ಫೋನ್ ಮಾಡಿ ವಿಚಾರಿಸುತ್ತಾರೆ. ಮೊಬೈಲಿಗೆ ಸಂದೇಶ ಬರಬೇಕೆಂದರೆ 011-22901701ಕ್ಕೆ ಮಿಸ್ಡ್ ಕಾಲ್ ಕೊಡಬೇಕು. ಪಾಲಕರ ಸಭೆಯ ದಿನ ಸಹಾಯವಾಣಿಯ ಸಂಖ್ಯೆಯನ್ನು ನೋಟಿಸ್ ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿಡಿ. ಓದಲು ಬಾರದವರ ಮೊಬೈಲಿನಲ್ಲಿ ನೀವೇ ಸೇವ್ ಮಾಡಿ, ಮೊದಲ ಫೋನನ್ನು ನಿಮ್ಮ ಎದುರಿಗೇ, ಸ್ಟಾಫ್ ರೂಮಿನಲ್ಲಿ ಕೂರಿಸಿ ಮಾಡಿಸಿ.